ಬಿರುಕಿಗೆ ಮದ್ದುಂಟು, ಬೇಜವಾಬ್ದಾರಿಗೆ?

ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟು ಬಂದಿದೆಯಂತೆ. ಇನ್ನು ರಿಪೇರಿಯ ಕಾಟವೇ ಇಲ್ಲವಂತೆ! ಚಿಕ್ಕೋಡಿಯಲ್ಲಿ ನನಗೆ ಈ ಶುಭವಾರ್ತೆಯನ್ನು ತಿಳಿಸಿದವರು ನನ್ನ ಮನೆ ಕಟ್ಟಿದ ಗುತ್ತಿಗೆದಾರರು. ಬಿರುಬೇಸಗೆಯಲ್ಲಿ ಸ್ಲ್ಯಾಬಿಗೆ ಮೂರೇ ದಿನ ನೀರು ಹೊಡೆಸಿ ಮಾಯವಾಗಿದ್ದ ಮಹನೀಯರು ಇವರೇ. ಆ ಸ್ಲ್ಯಾಬು ಈಗ ಪ್ರತಿ ಮಳೆಗಾಲವೂ ನನ್ನ ಪುಸ್ತಕಗಳ ಮೇಲೆ ತೊಟ್ಟಿಕ್ಕುತ್ತದೆ.

ವಿಜ್ಞಾನವನ್ನು ನಾನು ಹಳಿಯುವವನಲ್ಲ. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ ಎಂಬವರು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳನ್ನು, ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಬುತ್ತಿಯ ಸಮೇತ, ಕಾಂಕ್ರೀಟಿನಲ್ಲಿ ಬೆರೆಸಿದರು. ಬಿರುಕಿನೊಳಗೆ ನೀರಿಳಿದೊಡನೆ ಅವು ಎಚ್ಚತ್ತು, ಬುತ್ತಿಯನ್ನುಂಡು, ಸುಣ್ಣಕಲ್ಲನ್ನು ಕಟ್ಟಿ ಸೀಳನ್ನು ತುಂಬುತ್ತವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2020ರಲ್ಲಿ ಇಸ್ರೋದೊಡನೆ ಕೂಡಿ, ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಚವಳಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದರು. 2025ರಲ್ಲಿ ಅಂಥದೇ ಮಿಶ್ರಣದಿಂದ ಬಿರಿದ ಇಟ್ಟಿಗೆಯನ್ನೂ ಬೆಸೆದು ತೋರಿಸಿದರು. ಹೆಮ್ಮೆಪಡತಕ್ಕದ್ದೇ.

ಆದರೆ ಈ ಜೀವಿಗಳು ಮುಚ್ಚುವುದು ಎಂಥ ಬಿರುಕನ್ನು? ಮಿಲಿಮೀಟರಿಗಿಂತ ಕಿರಿದಾದ ಕೂದಲೆಳೆಯ ಸೀಳನ್ನು. ಅಥಣಿ, ಕಾಗವಾಡ, ರಾಯಬಾಗಗಳ ಎರೆಭೂಮಿಯಾದರೋ ಬೇಸಗೆಯಲ್ಲಿ ಬಾಯ್ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅಂಥ ನೆಲದಲ್ಲಿ ಬುನಾದಿಯನ್ನು ಆಳಕ್ಕಿಳಿಸದೆ ಎಬ್ಬಿಸಿದ ಗೋಡೆ ಬೆರಳಗಲ ಸೀಳಿದರೆ ಯಾವ ಬ್ಯಾಕ್ಟೀರಿಯಾ ಅದನ್ನು ಹೊಲಿದೀತು? ಸಿಮೆಂಟು ಕದ್ದು ಉಸುಕು ತುಂಬಿದಲ್ಲಿ ಅದು ಏನನ್ನು ತಾನೇ ಉಳಿಸೀತು?

ಅದಕ್ಕೆ ತಕ್ಕ ಕೆಲಸ ಬೇರೆಯೇ ಇದೆ. 2019ರ ಮಹಾಪೂರದಲ್ಲಿ ನಿಪ್ಪಾಣಿಯ ಬಳಿ ವೇದಗಂಗೆ ಹೆದ್ದಾರಿಯನ್ನೇ ಮುಳುಗಿಸಿದ್ದನ್ನು ನಾವು ಕಂಡಿದ್ದೇವೆ. ನಮ್ಮ ಹೊಳೆಗಳ ಸೇತುವೆಗಳ ಕಂಬಗಳಲ್ಲಿ, ನೀರಿನ ಟಾಕಿಗಳಲ್ಲಿ, ಕಣ್ಣಿಗೆ ಕಾಣದ ಸಣ್ಣ ಬಿರುಕಿನಿಂದ ನೀರು ನುಗ್ಗಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮನುಷ್ಯನ ಕೈ ತಲುಪದ ಅಂಥಲ್ಲಿ ಈ ಕಾಂಕ್ರೀಟಿನ ಪರೀಕ್ಷೆ ಅಗತ್ಯ ನಡೆಯಲಿ. ಕೈ ತಲುಪುವಲ್ಲಿ ಕೈಯೇ ದುಡಿಯಲಿ.

ಒಣ ಬಿಸಿಲಿನಲ್ಲಿ ಕಾಂಕ್ರೀಟಿಗೆ 10 ದಿನವಾದರೂ ನೀರುಣಿಸಬೇಕೆಂದು ಭಾರತೀಯ ಮಾನಕದ ನಿಯಮವೇ ಹೇಳುತ್ತದೆ. ಅದಕ್ಕೆ ಬೇಕಾದುದು ನಾಲ್ಕು ಕೊಡ ನೀರು, ಗೋಣಿತಟ್ಟು, ಒಂದಿಷ್ಟು ನಾಚಿಕೆ. ಇವಾವುವೂ ಪ್ರಯೋಗಶಾಲೆಯಿಂದ ಬರಬೇಕಾದ ವಸ್ತುಗಳಲ್ಲ.

ಬ್ಯಾಕ್ಟೀರಿಯಾದ ಬೀಜಕಣ ವರ್ಷಗಟ್ಟಲೆ ಮಲಗಿದ್ದರೂ ನೀರು ಸೋಕಿದೊಡನೆ ಎದ್ದು ಕೆಲಸಕ್ಕೆ ತೊಡಗುತ್ತದೆ. ನನ್ನ ಗುತ್ತಿಗೆದಾರ ಮಹಾಶಯರು ಮಾತ್ರ, ಮನೆಯೆಲ್ಲ ಸೋರಿದರೂ, ಇನ್ನೂ ಎದ್ದಿಲ್ಲ.