ಮಿದುಳುಬಳ್ಳಿಯ ಬಿಳಿ ಕಲೆಗಳು

ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿಯೂ ಕುಡತಿನಿಯಲ್ಲಿಯೂ ನವಶಿಲಾಯುಗದ ಬೂದಿಯ ರಾಶಿಗಳಿವೆ. ಅದು ರಾಕ್ಷಸನನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಜ್ವಾಲಾಮುಖಿಯದೆಂದೂ ಕಬ್ಬಿಣದ ಕಿಟ್ಟವೆಂದೂ ವಿದ್ವಾಂಸರು ಊಹಿಸಿದರು. ಸುಟ್ಟ ಸಗಣಿಯೆಂಬುದು ಸ್ಥಿರಪಟ್ಟದ್ದು ಬೂದಿಯನ್ನೇ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ನೆಲವನ್ನು ಅಗೆದು ನೋಡಿದ ಮೇಲೆ. ತೋರಿಕೆಯೊಂದೇ, ಕಾರಣ ಹಲವು ಇರಬಹುದಾದ ಕಡೆಯಲ್ಲೆಲ್ಲ ಈ ಕ್ರಮವೇ ಬೇಕು.

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವವನೊಬ್ಬನ ಕಾಲುಗಳು ಜೋಮು ಹಿಡಿದು ಸೋತವೆಂದು ಭಾವಿಸೋಣ. ಎಂ.ಆರ್.ಐ. ಚಿತ್ರದಲ್ಲಿ ಅವನ ಮಿದುಳುಬಳ್ಳಿಯ ಮೇಲೆ ಮೂರು ನಾಲ್ಕು ಬಿಳಿ ಕಲೆಗಳು ಕಂಡವು. ಈ ಯಂತ್ರವು ಬಲವಾದ ಆಯಸ್ಕಾಂತದ ನೆರವಿನಿಂದ ಮುಖ್ಯವಾಗಿ ಶರೀರದೊಳಗಿನ ನೀರನ್ನು ಚಿತ್ರಿಸುತ್ತದೆ. ಊತದಿಂದ ನೀರು ಹೆಚ್ಚಿದ ಎಡೆ ಬೆಳ್ಳಗೆ ತೋರುತ್ತದೆ. ಊತವೇಕೆ ಬಂದಿತೆಂಬುದನ್ನು ಚಿತ್ರವು ತಾನಾಗಿ ಹೇಳದು.

ಸುಳಿವುಗಳು ಇಲ್ಲದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ಕಲೆಗಳು ಸಾಮಾನ್ಯವಾಗಿ ಗಿಡ್ಡ. ಬೆನ್ನಿನ ಎರಡು ಮಣಿಗಳ ಉದ್ದವನ್ನು ಮೀರುವುದು ಅಪರೂಪ. ಬಳ್ಳಿಯ ಅಂಚಿಗೆ ಇರುತ್ತವೆ. ಕಣ್ಣಿನ ನರವನ್ನೂ ಮಿದುಳುಬಳ್ಳಿಯನ್ನೂ ಹಿಡಿಯುವ ನ್ಯೂರೋಮಯಲೈಟಿಸ್ ಆಪ್ಟಿಕಾದಲ್ಲಿಯಾದರೋ ಕಲೆಯು ಮೂರು ಮಣಿಗಳಷ್ಟು ಅಥವಾ ಅದಕ್ಕೂ ಉದ್ದವಾಗಿ ಬಳ್ಳಿಯ ನಡುಭಾಗವನ್ನು ವ್ಯಾಪಿಸುವುದೇ ಹೆಚ್ಚು. ಬಿ-12 ಜೀವಸತ್ತ್ವದ ಕೊರತೆಯು ಹಿಂಭಾಗದ ನರತಂತುಗಳಲ್ಲಿ ಎಡಬಲ ಸಮನಾಗಿ ತೋರುತ್ತದೆ. ಕ್ಷಯದ ಗಂಟುಗಳು ಗ್ಯಾಡೋಲಿನಿಯಮ್ ಚುಚ್ಚಿದ ಬಳಿಕ ಉಂಗುರದಂತೆ ಹೊಳೆಯುವುದುಂಟು. ಬೇರೆ ಅಂಗದಿಂದ ಹರಡಿದ ಅರ್ಬುದವನ್ನೂ ಮರೆಯಲಾಗದು.

ಆದರೆ ಕಾಲವು ಈ ಗುರುತುಗಳನ್ನು ಅಳಿಸುತ್ತದೆ. ಆಪ್ಟಿಕಾ ರೋಗದ ಉದ್ದನೆಯ ಕಲೆಯು ಮಾಯುತ್ತ ಬಂದಂತೆ ತುಂಡುತುಂಡಾಗಿ, ಕೆಲವು ತಿಂಗಳ ಮೇಲೆ ನೋಡಿದವರಿಗೆ ಹಲವು ಗಿಡ್ಡ ಕಲೆಗಳಾಗಿ ಕಾಣಬಹುದು. ಸ್ಕ್ಲೆರೋಸಿಸ್‌ನ ಗಿಡ್ಡ ಕಲೆಗಳು ಕೂಡಿಕೊಂಡು ಉದ್ದವಾಗಿಯೂ ತೋರಬಹುದು. ಇಲ್ಲಿ ತಪ್ಪಿದರೆ ಬೆಲೆ ತೆರುವವನು ರೋಗಿ: ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಔಷಧವು ಆಪ್ಟಿಕಾ ರೋಗವನ್ನು ಉಲ್ಬಣಿಸಬಲ್ಲುದು. ಬಿ-12 ಕೊರತೆಗಾದರೋ ಅಗ್ಗದ ಚುಚ್ಚುಮದ್ದೇ ಸಾಕು. ತಡವಾದರೆ ನಷ್ಟವಾದ ಶಕ್ತಿಯು ಪೂರ್ಣವಾಗಿ ಮರಳದು.

ಆದುದರಿಂದ ಚಿತ್ರದ ವರದಿಯಲ್ಲಿ ಒಂದೇ ರೋಗದ ಹೆಸರನ್ನು ಬರೆದು ಮುಗಿಸುವ ಅಭ್ಯಾಸ ನನಗೆ ಒಪ್ಪಿಗೆಯಾಗದು. ಕಾಲು ಸೋತದ್ದು ಗಂಟೆಗಳಲ್ಲೋ ತಿಂಗಳುಗಳಲ್ಲೋ, ಹಿಂದೆ ಕಣ್ಣು ಮಂಜಾಗಿತ್ತೋ, ಜ್ವರ ಕೆಮ್ಮು ಇದ್ದವೋ ಎಂಬುದನ್ನು ವರದಿ ಬರೆಯುವವರಿಗೆ ತಿಳಿಸಬೇಕು. ಮಿದುಳಿನ ಚಿತ್ರ, ಎದೆಯ ಚಿತ್ರ, ಬೆನ್ನಿನ ದ್ರವದ ಪರೀಕ್ಷೆ ಇವೂ ಬೇಕಾಗುತ್ತವೆ. ಆಪ್ಟಿಕಾ ರೋಗವನ್ನು ಗುರುತಿಸುವ ಪ್ರತಿಕಾಯವು ರಕ್ತದಲ್ಲಿ ಪತ್ತೆಯಾದದ್ದು 2004ರಲ್ಲಿ. ನಮ್ಮ ಮಂಗಳೂರಿನಲ್ಲಿಯೇ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಇಂತಹ ರೋಗಿಗಳ ದಾಖಲೆಯಿಟ್ಟು ಅಧ್ಯಯನ ಮಾಡಿದ್ದಾರೆ.

ರೋಗ ತೀವ್ರವಾಗಿರುವಾಗ ಎಲ್ಲ ಫಲಿತಾಂಶಗಳಿಗಾಗಿ ಕಾಯುವುದೆಂತು ಎಂದು ಕೇಳಬಹುದು. ಕಾಯಬೇಕಾಗಿಲ್ಲ, ಸ್ಟೀರಾಯ್ಡ್ ಕೊಡುವ ಮೊದಲು ರಕ್ತ ತೆಗೆದಿಟ್ಟರೆ ಆಯಿತು. ದೊಡ್ಡ ಊರಿಗೆ ಪ್ರಯಾಣ ಮಾಡಬೇಕಾದದ್ದು ಆ ರಕ್ತದ ಸೀಸೆ. ಕಾಲು ಸೋತ ಮನುಷ್ಯನಲ್ಲ. ಅದನ್ನು ಕಳುಹಿಸುವ ಏರ್ಪಾಡು ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಇರತಕ್ಕದ್ದು.