ತುರಿಸುವ ಗಂಟು: ನಂಜೆಂದು ಸುಮ್ಮನಿರಬಹುದೆ?

ವಿಷವುಂಡ ದೇವರ ಹೆಸರನ್ನು ಹೊತ್ತ ನಂಜನಗೂಡಿನ ಸೀಮೆಯಲ್ಲಿ, ಮೈಮೇಲೆದ್ದ ತುರಿಕೆಗೆಲ್ಲ ‘ನಂಜು’ ಎಂಬ ಒಂದೇ ವಿವರಣೆ ದೊರೆತರೆ ಆಶ್ಚರ್ಯವಿಲ್ಲ. ಆದರೆ ಹುಲ್ಲಹಳ್ಳಿಯ ಗದ್ದೆಯಲ್ಲಿ ದುಡಿಯುವ ರೈತನೊಬ್ಬನ ಕೈಕಾಲುಗಳಲ್ಲಿ ಗಟ್ಟಿಯಾದ, ಸದಾ ತುರಿಸುವ ಗಂಟುಗಳು ತಿಂಗಳುಗಟ್ಟಲೆ ಉಳಿದರೆ, ಆ ಒಂದು ಮಾತಿನಿಂದ ತೃಪ್ತರಾಗುವುದು ಸಲ್ಲದು.

ಈ ವ್ಯಾಧಿಗೆ 1909ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ನೆವಿನ್ಸ್ ಹೈಡ್ ‘ಪ್ರುರಿಗೊ ನಾಡ್ಯುಲಾರಿಸ್’ ಎಂದು ಹೆಸರಿಟ್ಟನು. ಇದು ಅಂಟುರೋಗವಲ್ಲ. ಇಲ್ಲಿ ಮೊದಲು ಬರುವುದು ಗಂಟಲ್ಲ, ತುರಿಕೆ. ಪದೇ ಪದೇ ಕೆರೆದಾಗ ಚರ್ಮವು ದಪ್ಪವಾಗಿ ಗಂಟುಕಟ್ಟುತ್ತದೆ. ಅಲ್ಲಿ ನೆರೆದ ರಕ್ಷಣಾಕೋಶಗಳು ಇಂಟರ್‌ಲ್ಯೂಕಿನ್-31 ಮುಂತಾದ ವಸ್ತುಗಳನ್ನು ಸ್ರವಿಸಿ ನರತಂತುಗಳನ್ನು ಕೆರಳಿಸುತ್ತವೆ. ತುರಿಕೆ ಇನ್ನಷ್ಟು ಹೆಚ್ಚುತ್ತದೆ. ಪರಿಣಾಮವೇ ಕಾರಣವಾಗಿ ತಿರುಗುವ ಈ ಚಕ್ರದಲ್ಲಿ ಸಿಕ್ಕಿದವನನ್ನು ‘ಕೆರೆಯಬೇಡ’ ಎಂದು ಗದರಿಸುವುದು ಚಿಕಿತ್ಸೆಯಲ್ಲ, ಅನ್ಯಾಯ.

ಹಾಗಾದರೆ ಮೊದಲನೆಯ ತುರಿಕೆ ಎಲ್ಲಿಂದ ಬಂದಿತು? ಕೀಟದ ಕಡಿತ, ಬಹುಕಾಲದ ಇಸುಬು, ಮೂತ್ರಪಿಂಡ ಅಥವಾ ಯಕೃತ್ತಿನ ಬೇನೆ, ಸಿಹಿಮೂತ್ರ ರೋಗ ಇವುಗಳಲ್ಲಿ ಯಾವುದಾದರೂ ಇದರ ಹಿಂದಿರಬಹುದು. ಕೆಲವೊಮ್ಮೆ ಕಾರಣ ತಿಳಿಯದಿರುವುದೂ ಉಂಟು. ನಮ್ಮ ನಾಡಿನಲ್ಲಿ ಮರೆಯಬಾರದ ಮತ್ತೊಂದು ಕಾರಣ ದಾರಿಬದಿಯಲ್ಲೇ ಬೆಳೆದು ನಿಂತಿದೆ. ಅದು ಪಾರ್ಥೇನಿಯಂ; ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಒಗ್ಗದವರಿಗೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಇಸುಬು ಏಳುತ್ತದೆ; ಕೆಲವರಲ್ಲಿ ಅದು ಇಂತಹ ಗಂಟುಗಳ ರೂಪವನ್ನೇ ತಾಳುತ್ತದೆ. ಈ ಗಿಡವನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಗಿಡ ನಾಶವಾಗಿಲ್ಲ.

ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ತುರಿಕೆಯನ್ನು ಕೆಲವು ದಿನ ಅಡಗಿಸೀತು; ಆದರೆ ಅದು ಮೂತ್ರಪಿಂಡವನ್ನು ಪರೀಕ್ಷಿಸುವುದಿಲ್ಲ, ಹೊಲದ ಬದುವಿನ ಗಿಡವನ್ನು ಕೀಳುವುದಿಲ್ಲ. ಇಂಟರ್‌ಲ್ಯೂಕಿನ್-31ರ ಕೆಲಸವನ್ನು ತಡೆಯುವ ನೆಮೋಲಿಜುಮಾಬ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆಯಿತು. ಅಂತಹ ದುಬಾರಿ ಔಷಧವು ಹಳ್ಳಿಯ ಬಡವನಿಗೆ ಸುಲಭವಾಗಿ ಎಟುಕುವಂತಹುದಲ್ಲ. ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಒಗ್ಗದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ ಇವು ಅದಕ್ಕಿಂತ ಬಹಳ ಅಗ್ಗ. ಇವುಗಳಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳು ಮನೆಯಲ್ಲಿ ಇಂತಹ ಗಂಟುಗಳುಳ್ಳ ಹಿರಿಯರಿದ್ದರೆ ಅವರನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯಲಿ. ಶಾಲೆಯ ಬಯಲಿನಲ್ಲಿ ಪಾರ್ಥೇನಿಯಂ ಕಂಡರೆ, ಮೈತುಂಬ ಬಟ್ಟೆ, ಕೈಗವಸು ತೊಟ್ಟು, ಹೂಬಿಡುವ ಮೊದಲೇ ಬೇರುಸಹಿತ ಕಿತ್ತುಹಾಕಲಿ.