ಧೂಳು ಎದ್ದಿದೆ ಎಂದರೆ ಗಾಡಿ ಹೋಗಿದೆ

ಎಂಟನೇ ತರಗತಿಗೆ ನಾನು ಮಾಡಿದ ಸೌರವ್ಯೂಹದ ಪಾಠ, ವೀಕ್ಷಣಾ ನಮೂನೆಯ ಪ್ರಕಾರ, ಈ ವರ್ಷದ ನನ್ನ ಅತ್ಯುತ್ತಮ ಪಾಠ. 8 ಗ್ರಹಗಳ ಚಾರ್ಟ್ ಇತ್ತು, ಥರ್ಮಾಕೋಲ್ ಮಾದರಿ ಇತ್ತು, 40 ನಿಮಿಷಕ್ಕೆ ಸರಿಯಾಗಿ ಮೌಲ್ಯಮಾಪನದ ಪ್ರಶ್ನೆಯೂ ಮುಗಿದಿತ್ತು. ಕಪ್ಪು ಹಲಗೆ ಬಳಕೆ, ಧ್ವನಿ, ತರಗತಿ ನಿಯಂತ್ರಣ ಎಲ್ಲಕ್ಕೂ ಒಳ್ಳೆಯ ಅಂಕ ಬಂದವು. ನಮೂನೆಯಲ್ಲಿ ಬರದೇ ಹೋದದ್ದು ಒಂದೇ. ಮೂರನೇ ಸಾಲಿನ ಹುಡುಗನೊಬ್ಬ ಎದ್ದು, "ಮೇಡಂ, ಬ್ಯಾರೆ ಚುಕ್ಕಿಗೂ ಹಿಂಗ ಗ್ರಹ ಅವ ಅಂತಾರಲ್ರೀ, ಅಷ್ಟು ದೂರದಾಗ ಇದ್ದದ್ದು ಹ್ಯಾಂಗ ಗೊತ್ತಾಯ್ತು?" ಎಂದು ಕೇಳಿದ್ದ. "ಅದು ಮುಂದಿನ ಕ್ಲಾಸಿನಾಗ ಬರ್ತದ, ಕೂಡು" ಎಂದೆ. ಯಾವ ಕ್ಲಾಸಿನಲ್ಲಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಉತ್ತರವೂ ಗೊತ್ತಿರಲಿಲ್ಲ.

ಆ ರಾತ್ರಿ ಕೂತು ಓದಿದೆ. ಉತ್ತರಗಳು ಹಲವು ಇವೆ. ನನಗೆ ಹಿಡಿಸಿದ್ದು ಧೂಳಿನ ದಾರಿ. 1983ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ಸೇರಿ ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದವು. ಅದು ನೋಡುತ್ತಿದ್ದದ್ದು ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಅವಕೆಂಪು ಕಿರಣಗಳನ್ನು. ಒಲೆಯಿಂದ ಈಗಷ್ಟೇ ಇಳಿಸಿದ ರೊಟ್ಟಿ ಹಂಚು ಕತ್ತಲಲ್ಲಿ ಕಾಣುವುದಿಲ್ಲ, ಆದರೆ ಅಂಗೈ ಹತ್ತಿರ ಒಯ್ದರೆ ಗೊತ್ತಾಗುತ್ತದಲ್ಲ, ಹಾಗೆ. ಉಪಕರಣದ ಅಳತೆ ಸರಿಯಿದೆಯೇ ಎಂದು ತಾಳೆ ನೋಡಲು ವಿಜ್ಞಾನಿಗಳು ಚೆನ್ನಾಗಿ ಪರಿಚಿತವಾದ ಒಂದು ನಕ್ಷತ್ರವನ್ನು ಆರಿಸಿಕೊಂಡರು. ಅದು ವೇಗಾ, ನಮ್ಮ ಅಭಿಜಿತ್. ಲೆಕ್ಕಕ್ಕಿಂತ ಬಹಳ ಹೆಚ್ಚು ಶಾಖ ಅಲ್ಲಿಂದ ಬರುತ್ತಿತ್ತು. ಉಪಕರಣ ಕೆಟ್ಟಿರಲಿಲ್ಲ. ನಕ್ಷತ್ರದ ಸುತ್ತ ತಣ್ಣನೆಯ ಧೂಳಿದೆ, ಅದು ಬೆಳಕನ್ನು ಹೀರಿ ಶಾಖವಾಗಿ ಬಿಡುತ್ತಿದೆ ಎಂದು ಔಮನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಅದೇ ವರ್ಷ ಚಿಲಿ ದೇಶದ ದೂರದರ್ಶಕವೊಂದರಿಂದ ಸ್ಮಿತ್ ಮತ್ತು ಟೆರಿಲ್ ಎಂಬಿಬ್ಬರು ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರದ ಪ್ರಖರ ಬೆಳಕನ್ನು ಮರೆಮಾಡಿ, ಸುತ್ತಲಿನ ಧೂಳಿನ ತಟ್ಟೆಯ ಚಿತ್ರವನ್ನೇ ತೆಗೆದರು.

ಇಷ್ಟಾದರೆ ಅದು ಬರೀ ಮಾಹಿತಿ, ಚಾರ್ಟಿಗೆ ಇನ್ನೊಂದು ಬಣ್ಣ. ತಿರುಳು ಮುಂದಿದೆ. ಆ ಧೂಳು ಅಲ್ಲಿ ಉಳಿಯುವಂಥದ್ದಲ್ಲ. ರಾಶಿ ಮಾಡುವಾಗ ಜೋಳ ತೂರಿದರೆ ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಗೆ ಹಾರುತ್ತದೆ. ನಕ್ಷತ್ರದ ಬೆಳಕಿನ ಒತ್ತಡವೂ ಅತಿ ಸಣ್ಣ ಕಣಗಳನ್ನು ಹಾಗೇ ಹೊರಗೆ ತೂರುತ್ತದೆ. ಸ್ವಲ್ಪ ದೊಡ್ಡ ಕಣಗಳು ನಿಧಾನವಾಗಿ ಸುತ್ತುತ್ತ ನಕ್ಷತ್ರದ ಕಡೆಗೇ ಇಳಿಯುತ್ತವೆ. ನಕ್ಷತ್ರದ ವಯಸ್ಸು ಹತ್ತಾರು ಕೋಟಿ ವರ್ಷ, ಧೂಳಿನ ಆಯುಷ್ಯ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಧೂಳಿದೆ. ಹಾಗಾದರೆ?

ಮರುವಾರ ಅದೇ ತರಗತಿ ನನಗೆ ಮತ್ತೆ ಸಿಕ್ಕಿತು. ಚಾರ್ಟ್ ಒಯ್ಯಲಿಲ್ಲ. ಇಷ್ಟನ್ನೂ ಹೇಳಿ, "ಹಾಗಾದರೆ?" ಎಂಬಲ್ಲಿ ನಿಲ್ಲಿಸಿ, ಶಾಲೆಯ ಮುಂದಿನ ಮಣ್ಣಿನ ರಸ್ತೆ ತೋರಿಸಿದೆ. ಸೋಯಾ ತುಂಬಿದ ಟ್ರ್ಯಾಕ್ಟರು ಹೋದರೆ ಎಷ್ಟು ಹೊತ್ತು ಧೂಳು ಇರುತ್ತದೆ ಎಂದು ಕೇಳಿದೆ. ಎರಡು ನಿಮಿಷ, ಐದು ನಿಮಿಷ ಎಂದು ಕೂಗಾಟ. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅವರೂ ಕೂಗಿದರು, ಧೂಳ ಎರಡೂ ಭಾಷೆಗೆ ಧೂಳವೇ. ಆಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದಳು: "ಮೇಡಂ, ಧೂಳ ಕೂಡಲ್ದೇ ಹಂಗೇ ಅದ ಅಂದ್ರ, ಗಾಡಿ ಇನ್ನೂ ಹೋಗ್ಲತ್ತಾವ."

ವಿಜ್ಞಾನಿಗಳ ವಾದ ಅದೇ, ಒಂದಕ್ಷರ ಹೆಚ್ಚಿಲ್ಲ. ಕಣ್ಣಿಗೆ ಕಾಣದ ಬಂಡೆಗಳು, ಧೂಮಕೇತುವಿನಂಥ ಕಾಯಗಳು ಅಲ್ಲಿ ಇವೆ, ಡಿಕ್ಕಿ ಹೊಡೆಯುತ್ತಿವೆ, ಹೊಸ ಧೂಳು ಏಳುತ್ತಲೇ ಇದೆ. ಗ್ರಹಗಳನ್ನು ಕಟ್ಟಿ ಉಳಿದ ಸಾಮಾನು ಅದು. ನಮ್ಮ ಸೂರ್ಯನ ಸುತ್ತಲೂ ಕ್ಷುದ್ರಗ್ರಹಗಳ ಪಟ್ಟಿ, ನೆಪ್ಚೂನಿನ ಆಚೆಯ ಕೈಪರ್ ಪಟ್ಟಿ ಎಂದು ಅಂಥ ಸಾಮಾನು ಇನ್ನೂ ಬಿದ್ದಿದೆ.

ಈ ಕೆಲಸ ಹೊರದೇಶದಲ್ಲೇ ನಡೆದಿದೆ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿದ್ದ ಪಿ. ಮನೋಜ್ ಮತ್ತು ಎಚ್. ಸಿ. ಭಟ್ 2005ರಲ್ಲಿ ಇಂಥ ಧೂಳಿನ ನಕ್ಷತ್ರಗಳ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಹಿಪಾರ್ಕಸ್ ಉಪಗ್ರಹ ಮೊದಲೇ ಅಳೆದಿಟ್ಟಿದ್ದ ನಕ್ಷತ್ರಗಳ ಚಲನೆಯನ್ನು ತೆಗೆದುಕೊಂಡು ಅವರು ವಯಸ್ಸು ಹುಡುಕಿದರು. ಬೆಳಗಿನ ಪ್ರಾರ್ಥನೆಯ ಸಾಲು ಮೊದಲ ಐದು ನಿಮಿಷ ನೆಟ್ಟಗಿರುತ್ತದೆ, ಭಾಷಣ ಉದ್ದವಾದಷ್ಟೂ ಚೆದುರುತ್ತದೆ. ನಕ್ಷತ್ರಗಳ ಗುಂಪೂ ಹಾಗೆ: ವಯಸ್ಸಾದಷ್ಟೂ ಅವುಗಳ ವೇಗ ಒಂದೊಂದು ಕಡೆಗೆ ಚೆದುರುತ್ತದೆ. ಧೂಳಿರುವ ನಕ್ಷತ್ರಗಳ ವೇಗ ಕಡಿಮೆ ಚೆದುರಿತ್ತು. ಅಂದರೆ ಅವು ಸಾಮಾನ್ಯ ನಕ್ಷತ್ರಗಳಿಗಿಂತ ಚಿಕ್ಕ ವಯಸ್ಸಿನವು, ವಯಸ್ಸಾಗುತ್ತ ಧೂಳು ಕರಗುತ್ತದೆ. ಬೇರೆಯವರು ಅಳೆದಿಟ್ಟ ಅಂಕಿಗಳಿಗೆ ಹೊಸ ಪ್ರಶ್ನೆ ಹಾಕಿ ಪಡೆದ ಉತ್ತರ ಇದು. ಪ್ರಯೋಗಾಲಯ ಇಲ್ಲ, ವಿಜ್ಞಾನ ಹೇಗೆ ಮಾಡಿಸುವುದು ಎಂದು ಕೊರಗುವ ನಮ್ಮಂಥವರು ಇದನ್ನು ಗಮನಿಸಬೇಕು.

ಆ ದಿನದ ಪಾಠ 40 ನಿಮಿಷಕ್ಕೆ ಮುಗಿಯಲಿಲ್ಲ. ಅಂಕ ಕಡಿಮೆ ಬಂತು. "ಪಾಠ ಯೋಜನೆಯಿಂದ ವಿಚಲನೆ" ಎಂಬ ಟಿಪ್ಪಣಿಯೂ ಬಂತು. ಅದರಲ್ಲಿ ಸುಳ್ಳೇನಿಲ್ಲ. ಪೋರ್ಷನ್ ಮುಗಿಯಬೇಕು, ಪರೀಕ್ಷೆಗೆ ಗ್ರಹಗಳ ಕ್ರಮ ಬರುತ್ತದೆ, ಧೂಳು ಬರುವುದಿಲ್ಲ ಎಂದು ಶಾಲೆಯ ಶಿಕ್ಷಕರು ಹೇಳುವುದರಲ್ಲೂ ನ್ಯಾಯವಿದೆ. ಮೂರು ವಾರ ಇದ್ದು ಹೋಗುವ ನಮಗೆ ವರ್ಷವಿಡೀ ಅಲ್ಲೇ ಇರುವವರ ಕಷ್ಟ ಹಗುರವಾಗಿ ಕಾಣುತ್ತದೆ. ಆದರೆ ಗ್ರಹಗಳ ಹೆಸರನ್ನು ಮಕ್ಕಳು ನಾನಿಲ್ಲದೆಯೂ ಬಾಯಿಪಾಠ ಮಾಡುತ್ತಾರೆ. ಕಾಣದ್ದನ್ನು ಕಂಡದ್ದರಿಂದ ಊಹಿಸುವುದನ್ನು ತರಗತಿಯಲ್ಲೇ ಕಲಿಯಬೇಕು.

ಊಹೆ ತಪ್ಪುವುದನ್ನೂ ಕಲಿಯಬೇಕು. ದಸರಾ ಕಳೆದ ಮೇಲೆ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮೂರಿನ ದಕ್ಷಿಣದ ಆಕಾಶದಲ್ಲಿ ಫೊಮಲ್‌ಹಾಟ್ ಒಂಟಿಯಾಗಿ ಹೊಳೆಯುತ್ತದೆ, 25 ಜ್ಯೋತಿರ್ವರ್ಷ ದೂರ. ಅದರ ಧೂಳಿನ ಪಟ್ಟಿಯ ಬಳಿ ಗ್ರಹವೊಂದರ ಚಿತ್ರ ಸಿಕ್ಕಿತೆಂದು 2008ರಲ್ಲಿ ಪಾಲ್ ಕಲಾಸ್ ತಂಡ ಪ್ರಕಟಿಸಿತು. ಆ ಚುಕ್ಕೆ ವರ್ಷದಿಂದ ವರ್ಷಕ್ಕೆ ಹರಡಿ ಮಸುಕಾಯಿತು. ಅದು ಗ್ರಹವಲ್ಲ, ಎರಡು ಕಾಯಗಳು ಡಿಕ್ಕಿಯಾಗಿ ಎದ್ದ ಧೂಳಿನ ಮೋಡ ಇರಬೇಕು ಎಂದು 2020ರಲ್ಲಿ ಗಾಸ್ಪಾರ್ ಮತ್ತು ರೀಕಿ ವಾದಿಸಿದರು. ಪುಸ್ತಕದಲ್ಲಿ ಇದ್ದಿದ್ದರೆ ನಾವು ಆ ಗ್ರಹದ ಹೆಸರನ್ನು ಬಿಟ್ಟ ಸ್ಥಳ ತುಂಬಿಸಿ ಎಂದು ಕೇಳಿಬಿಡುತ್ತಿದ್ದೆವು.

ನನ್ನ ಕೋರಿಕೆ ದೊಡ್ಡದಲ್ಲ. ನಮ್ಮ ಐದು ಹಂತದ ಪಾಠ ಯೋಜನೆಯಲ್ಲಿ ವಿವರಣೆಯ ಕಾಲಂ ಪಕ್ಕದಲ್ಲಿ "ಇದು ಹೇಗೆ ತಿಳಿಯಿತು?" ಎಂಬ ಒಂದು ಸಾಲು ಇರಲಿ. ವೀಕ್ಷಣಾ ನಮೂನೆಯಲ್ಲಿ, ಮಕ್ಕಳು ಕೇಳಿದ ಪ್ರಶ್ನೆಯನ್ನು ಬರೆದುಕೊಳ್ಳಲು ಖಾಲಿ ಜಾಗ ಇರಲಿ, ಅದಕ್ಕೆ ಅಂಕ ಬೇಡ. ಮತ್ತೆ, ಬೋಧನಾ ಅಭ್ಯಾಸದ ಕೊನೆಗೆ ಉತ್ತರ ಬಾಕಿ ಉಳಿಸಿಕೊಂಡವರಿಗೆ ಅದೇ ತರಗತಿಗೆ ಹೋಗಲು ಒಂದು ಪಿರಿಯಡ್ ಸಿಗಲಿ.

ಕೊನೆಯದನ್ನು ಕೇಳಲು ಕಾರಣವಿದೆ. ಆ ದಿನ ಗಂಟೆ ಹೊಡೆದ ಮೇಲೆ ಮೂರನೇ ಸಾಲಿನ ಅದೇ ಹುಡುಗ ಬಾಗಿಲ ತನಕ ಬಂದು, "ಧೂಳ ಬರೀ ಗಾಳಿಗೂ ಏಳ್ತದಲ್ರೀ, ಗಾಡಿನೇ ಹೋಗ್ಬೇಕಂತ ಏನದ?" ಎಂದ. ನಾನು ನಾಳೆ ಹೇಳುತ್ತೇನೆ ಎಂದೆ. ಹುಡುಕಿದರೆ ಅವನ ಸಂಶಯಕ್ಕೆ ಬುಡವಿತ್ತು: ಕೆಲವು ನಕ್ಷತ್ರಗಳು ಆಕಾಶದ ಧೂಳಿನ ಮೋಡವೊಂದರ ಮೂಲಕ ಹಾಯುತ್ತಿರುವುದರಿಂದಲೇ ಅಲ್ಲಿ ಹೆಚ್ಚು ಶಾಖ ಕಾಣುತ್ತದೆ, ಅದು ಅವುಗಳ ಸ್ವಂತ ತಟ್ಟೆಯಲ್ಲ. ಸಂಶೋಧಕರು ಅದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಹೇಳಲು ಹೋಗುವಷ್ಟರಲ್ಲಿ ನಮ್ಮ ತಂಡದ ಅವಧಿ ಮುಗಿದಿತ್ತು. ಒಂದು ಹಾಳೆಯಲ್ಲಿ ಬರೆದು ಅವನ ತರಗತಿ ಶಿಕ್ಷಕರ ಕೈಗೆ ಕೊಟ್ಟು ಬಂದಿದ್ದೇನೆ.